ಕವರಿನ ಮೇಲಿನ ಹೆಸರು

ಉಡುಪಿ ರಥಬೀದಿಯ ಹೋಟೆಲಿನಲ್ಲಿ ಗೋಳಿಬಜೆ ಬರುವ ಮೊದಲೇ ಶೀನಣ್ಣ ಶುರು ಮಾಡಿದರು.

"ಅಲ್ಲ ಮಾರಾಯ, ಯಕ್ಷಗಾನ ಆಟಕ್ಕೆ ಕರೆದದ್ದು ಯಾರು? ಸುಧಾಕರನಿಗೆ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ' ಅಂತ ಒಬ್ಬನಿಂದ ಮೇಲ್ ಬಂದಿದೆಯಂತೆ. ಅವ ನಮ್ಮ ಸಂಘಕ್ಕೆ ಯಾವಾಗ ಸೇರಿದ? ವಂತಿಗೆ ಕೊಟ್ಟಿದ್ದಾನಾ? ನನಗಂತೂ ಮೇಲೇ ಇಲ್ಲ."

"ಅದು ಮನುಷ್ಯ ಅಲ್ಲ ಶೀನಣ್ಣ, ನಮ್ಮ ಉಬುಂಟು ಸರ್ವರ್‌ನಲ್ಲಿ ವೆಬ್ ಕೆಲಸ ಮಾಡುವ ಯೂಸರ್ ಖಾತೆ," ಅಂದೆ ನಾನು. "ಮೇಲ್ ಕಳಿಸಲಿಕ್ಕೆ ನಾನು ಬರೆದ ಪಿಎಚ್‌ಪಿ ಸ್ಕ್ರಿಪ್ಟ್‌ನಲ್ಲಿ ನಾವು ಹೆಸರು ಹೇಳದಿದ್ದರೆ ಅವನದ್ದೇ ಬೀಳ್ತದೆ."

"ಕಳಿಸಿದವರ ಹೆಸರು ತೋರಿಸುವ ಫ್ರಮ್ ಹೆಡರ್ ಹಾಕಿದರಾಯ್ತಲ್ಲ," ಅಂದ ಸುಧಾಕರ, ನನ್ನ ಚಟ್ನಿಗೆ ಕೈ ಹಾಕುತ್ತ.

"ಎರಡನೇ ಸಲ ಹಾಕಿದೆ. ಹೆಸರೇನೋ ಸರಿಯಾಯ್ತು. ಸುಮಾರು ಮೇಲ್ ಸ್ಪ್ಯಾಮ್‌ಗೆ ಹೋಯ್ತು, ವಾಪಸಾದವು ನಾಪತ್ತೆ."

ಶೀನಣ್ಣ ನಕ್ಕರು. ಅಂಚೆ ಇಲಾಖೆಯಲ್ಲಿ ರಿಟೈರ್ ಆದವರು. "ಒಳಗಿನ ಕಾಗದದಲ್ಲಿ 'ಇಂತಿ ನಿಮ್ಮ' ಅಂತ ಯಾರ ಸಹಿ ಇದ್ದರೆ ಅಂಚೆಯವನಿಗೆ ಎಂತ? ಅವ ನೋಡುವುದು ಕವರು. ಅದರ ಮೇಲೆ ಎಂತ ಬರೆದಿದ್ದಿ?"

ನಾನು ಮೂರು ರಾತ್ರಿ ಒದ್ದಾಡಿದ್ದನ್ನು ಇವರು ಚಾ ಬರುವುದರೊಳಗೆ ಮುಗಿಸಿದರು! ಮೇಲ್ ಸರ್ವರ್‌ಗಳು ಮಾತಾಡುವಾಗ ಮೊದಲು 'ಮೇಲ್ ಫ್ರಮ್' ಅಂತ ಒಂದು ವಿಳಾಸ ಹೇಳ್ತವೆ, ಕಾಗದ ಆಮೇಲೆ. 1982ರ ನಿಯಮದಲ್ಲೇ ಹಾಗುಂಟು. ವಾಪಸಾದದ್ದು ಹೋಗುವುದು ಆ ಕವರಿನ ವಿಳಾಸಕ್ಕೆ. ಫ್ರಮ್ ಹೆಡರ್ ಬರೀ ಒಳಗಿನ ಸಹಿ.

"ವಾಪಸ್ ವಿಳಾಸ ಇಲ್ಲದ್ದು ನಮ್ಮಲ್ಲಿ ಆರ್‌ಎಲ್‌ಓಗೆ, ಅಂದರೆ ರಿಟರ್ನ್ಡ್ ಲೆಟರ್ ಆಫೀಸಿಗೆ, ಹೋಗ್ತಿತ್ತು," ಅಂದರು.

ನಮ್ಮದರ ಆರ್‌ಎಲ್‌ಓ ಕೂಡ ಸಿಕ್ಕಿತು ಅನ್ನಿ. ಸರ್ವರ್‌ನ ಮೂಲೆಯಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾನ ಅಂಚೆಪೆಟ್ಟಿಗೆಯಲ್ಲಿ ಎಲ್ಲ ರಾಶಿ ಬಿದ್ದಿತ್ತು. ಪಾಪ, ಅವನಿಗೆ ಓದಲಿಕ್ಕೆ ಕಣ್ಣಿಲ್ಲ.

ಲ್ಯಾಪ್‌ಟಾಪ್ ತೆಗೆದೆ. ಪಿಎಚ್‌ಪಿಯ ಮೇಲ್ ಫಂಕ್ಷನ್‌ನ ಐದನೇ ಜಾಗದಲ್ಲಿ ಮೈನಸ್ ಎಫ್, ಅದಕ್ಕೆ ಅಂಟಿಸಿ ಕವರಿನ ವಿಳಾಸ.

"ಸಂಘದ ಜಿಮೇಲ್ ಹಾಕು," ಅಂದ ಸುಧಾಕರ.

"ಬೇಡ ಮಾರಾಯ. ಜಿಮೇಲ್ ಹೆಸರಲ್ಲಿ ಯಾವ ಯಂತ್ರ ಕಳಿಸಬಹುದು ಅಂತ ಗೂಗಲ್ ಪಟ್ಟಿ ಹಾಕಿದೆ, ಎಸ್‌ಪಿಎಫ್ ಅಂತ. ನಮ್ಮ ಬಡ ಸರ್ವರ್ ಅದರಲ್ಲಿ ಎಲ್ಲಿಂದ? ಕವರಿಗೂ ಸಹಿಗೂ ನಮ್ಮ ಡೊಮೈನೇ ಇರಲಿ, ಆ ಡೊಮೈನಿನ ಪಟ್ಟಿಗೆ ನಮ್ಮ ಸರ್ವರನ್ನು ಸೇರಿಸುವಾ. ಜಿಮೇಲನ್ನು ರಿಪ್ಲೈ-ಟುಗೆ ಹಾಕಿದರೆ ಉತ್ತರ ಅಲ್ಲಿಗೆ ಬರ್ತದೆ."

ಎಲ್ಲ ಸರಿ ಮಾಡಿ ಮತ್ತೆ ಕಳಿಸಿದೆ. ಎರಡನೇ ಪ್ಲೇಟ್ ಗೋಳಿಬಜೆಯ ಜೊತೆಗೇ ಮೊದಲ ಬೌನ್ಸ್, ಅಂದರೆ ವಾಪಸಾದ ಮೇಲ್, ಬಂತು: ಇಂಥ ಯೂಸರ್ ಇಲ್ಲ.

"ಶೀನಣ್ಣ, ಇದು ನಿಮ್ಮದೇ. ಹೆಸರಿನಲ್ಲಿ ಎನ್ ಒಂದು ಕಮ್ಮಿ ಉಂಟು. ರಿಜಿಸ್ಟರಿನಲ್ಲಿ ನಿಮ್ಮದೇ ಕೈಬರಹ."

ಶೀನಣ್ಣ ಕನ್ನಡಕ ಒರೆಸಿ ಸ್ಕ್ರೀನ್ ನೋಡಿದರು. "ಪಿನ್‌ಕೋಡ್ ಬರೆಯಲಿಕ್ಕೆ ಜಾಗ ಇಲ್ಲದ್ದು ಎಂತ ವಿಳಾಸ ಮಾರಾಯ?"