ಬಿಸಿಸಿಯಲ್ಲಿಟ್ಟ ವಿಳಾಸ ಕಾಣದಿದ್ದರೂ ಪತ್ರ ತಲುಪುವುದು ಹೇಗೆ?

ಪ್ರಶ್ನೆ (ಸೋಮವಾರಪೇಟೆ)
ನಮ್ಮ ಊರಿನ ಕಾಫಿ ಬೆಳೆಗಾರರ ಗುಂಪಿಗೆ ಮಳೆಯ ಲೆಕ್ಕವನ್ನೂ ಸಭೆಯ ತಿಳಿವಳಿಕೆಯನ್ನೂ ಇಮೇಲ್‌ನಲ್ಲಿ ಕಳುಹಿಸುವ ಹೊಣೆ ನನ್ನದು. ಹಿಂದೊಮ್ಮೆ ಎಲ್ಲರ ವಿಳಾಸಗಳನ್ನೂ ಸಿಸಿಯಲ್ಲಿ (ಪ್ರತಿ ಪಡೆಯುವವರ ವಿಳಾಸ ಎಲ್ಲರಿಗೂ ಕಾಣುವ ಜಾಗ) ಹಾಕಿದ್ದರಿಂದ ಅವು ಗೊಬ್ಬರದ ವ್ಯಾಪಾರಿಯೊಬ್ಬರ ಕೈಸೇರಿ, ಸದಸ್ಯರಿಗೆ ಬೇಡದ ಪತ್ರಗಳು ಬರತೊಡಗಿದವು. ಈಗ ‘ಟು’ ಜಾಗದಲ್ಲಿ ನನ್ನ ವಿಳಾಸವನ್ನಷ್ಟೇ ಬರೆದು ಉಳಿದವರನ್ನೆಲ್ಲ ಬಿಸಿಸಿಯಲ್ಲಿ (ಪ್ರತಿ ಪಡೆಯುವವರ ವಿಳಾಸ ಬೇರೆಯವರಿಗೆ ಕಾಣದ ಜಾಗ) ಇಡುತ್ತಿದ್ದೇನೆ. ಪತ್ರದಲ್ಲಿ ವಿಳಾಸವೇ ಇಲ್ಲದವರಿಗೆ ಅದು ತಲುಪುವುದು ಹೇಗೆ? ಅವರಲ್ಲೊಬ್ಬರು ‘ರಿಪ್ಲೈ ಆಲ್’ (ಎಲ್ಲರಿಗೂ ಉತ್ತರ) ಒತ್ತಿದರೆ ಉತ್ತರ ಯಾರಿಗೆ ಹೋಗುತ್ತದೆ?

ಉತ್ತರ (ಮಡಿಕೇರಿ)
ಅಂಚೆಯಣ್ಣ ಲಕೋಟೆಯ ಮೇಲಿನ ವಿಳಾಸ ನೋಡಿ ಮನೆ ಹುಡುಕುತ್ತಾನೆಯೇ ಹೊರತು ಒಳಗಿನ ಕಾಗದವನ್ನು ಬಿಚ್ಚಿ ಓದುವುದಿಲ್ಲ. ಇಮೇಲ್‌ನಲ್ಲೂ ಲಕೋಟೆ ಬೇರೆ, ಕಾಗದ ಬೇರೆ. ನೀವು ‘ಸೆಂಡ್’ ಒತ್ತಿದಾಗ ಟು, ಸಿಸಿ, ಬಿಸಿಸಿ ಮೂರರಲ್ಲಿರುವ ಪ್ರತಿಯೊಂದು ವಿಳಾಸವನ್ನೂ ‘ಆರ್‌ಸಿಪಿಟಿ ಟು’ ಎಂಬ ಆದೇಶದ ಮೂಲಕ ಸರ್ವರ್‌ಗೆ, ಅಂದರೆ ಪತ್ರ ಸಾಗಿಸುವ ಕಂಪ್ಯೂಟರ್‌ಗೆ, ಒಂದೊಂದಾಗಿ ತಿಳಿಸಲಾಗುತ್ತದೆ, ಇದೇ ಲಕೋಟೆ. ಆಮೇಲೆ ‘ಡೇಟಾ’ ಎಂಬ ಆದೇಶದೊಡನೆ ಹೋಗುವ ಕಾಗದದಲ್ಲಿ ಟು ಮತ್ತು ಸಿಸಿ ಸಾಲುಗಳು ಉಳಿದು, ಬಿಸಿಸಿ ಸಾಲನ್ನು ಸಾಮಾನ್ಯವಾಗಿ ಅಳಿಸಲಾಗಿರುತ್ತದೆ. 1982ರ ಆಗಸ್ಟ್‌ನಲ್ಲಿ ಹೊರಬಂದ, ಆರ್‌ಎಫ್‌ಸಿ ಎಂಬ ಇಂಟರ್ನೆಟ್ ನಿಯಮಪತ್ರಗಳಲ್ಲೇ ಈ ವಿಭಜನೆ ಇದೆ: ಆರ್‌ಎಫ್‌ಸಿ 821 ಸಾಗಣೆಯ ಕ್ರಮವನ್ನು ಹೇಳಿದರೆ, 822 ಕಾಗದದ ರೂಪವನ್ನು ಹೇಳುತ್ತದೆ.

ಸದಸ್ಯರೊಬ್ಬರ ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ (ಪತ್ರದ ಮೂಲರೂಪ ತೋರಿಸುವ ಆಯ್ಕೆ) ತೆರೆದು ನೋಡಿ. ‘ಡೆಲಿವರ್ಡ್-ಟು’ ಎಂಬ ಸಾಲಿನಲ್ಲಿ ಅವರ ಸ್ವಂತ ವಿಳಾಸ ಇರುತ್ತದೆ, ಬಿಸಿಸಿಯಲ್ಲಿದ್ದ ಉಳಿದವರದು ಎಲ್ಲಿಯೂ ಇರುವುದಿಲ್ಲ.

ಉತ್ತರ (ವಿರಾಜಪೇಟೆ)
ಎರಡನೆಯ ಪ್ರಶ್ನೆಗೆ: ಆ ಉತ್ತರ ನಿಮಗೊಬ್ಬರಿಗೇ ಬರುತ್ತದೆ, ಏಕೆಂದರೆ ಉತ್ತರಿಸುವವರ ಕೈಯಲ್ಲಿ ಬೇರೆಯವರ ವಿಳಾಸವೇ ಇಲ್ಲ. ಆದರೆ ಟು ಜಾಗದಲ್ಲಿ ಹೊರಗಿನವರಿದ್ದರೆ ಎಚ್ಚರ ಬೇಕು. ಕರಿಮೆಣಸಿನ ಬಾಕಿ ಹಣ ಕೇಳಿ ವ್ಯಾಪಾರಿಯೊಬ್ಬರಿಗೆ ಬರೆದಾಗ ನನ್ನ ತಮ್ಮನನ್ನು ಬಿಸಿಸಿಯಲ್ಲಿ ಇಟ್ಟಿದ್ದೆ. ಅವನು ಫೋನಿನಲ್ಲೇ ‘ರಿಪ್ಲೈ ಆಲ್’ ಒತ್ತಿದ. ಅವನ ಖಾರವಾದ ಮಾತು ನೇರವಾಗಿ ವ್ಯಾಪಾರಿಗೆ ತಲುಪಿ, ನಾನು ಗುಟ್ಟಾಗಿ ಪ್ರತಿ ಕಳುಹಿಸಿದ್ದು ಬಯಲಾಯಿತು. ವರ್ಷಗಳ ವ್ಯವಹಾರ ಅಲ್ಲಿಗೇ ನಿಂತಿತು. ಅಂದಿನಿಂದ ‘ಸೆಂಟ್’ ಪೆಟ್ಟಿಗೆಯಲ್ಲಿರುವ ಪತ್ರವನ್ನು ಅವನಿಗೆ ಪ್ರತ್ಯೇಕವಾಗಿ ಫಾರ್ವರ್ಡ್ ಮಾಡುತ್ತೇನೆ. ಇನ್ನೊಂದು ಮಾತು: ನಿಮ್ಮ ‘ಸೆಂಟ್’ ಪ್ರತಿಯಲ್ಲಿ ಬಿಸಿಸಿ ಪಟ್ಟಿ ಪೂರ್ತಿ ಉಳಿದಿರುತ್ತದೆ, ಆದ್ದರಿಂದ ಹಲವರು ಬಳಸುವ ಕಂಪ್ಯೂಟರ್‌ನಲ್ಲಿ ಲಾಗೌಟ್ ಮಾಡದೆ ಏಳಬೇಡಿ.

ಪ್ರಶ್ನೆ ಕೇಳಿದವರು
ನೆರೆಮನೆಯ ಸದಸ್ಯರ ಫೋನಿನಲ್ಲಿ ‘ಶೋ ಒರಿಜಿನಲ್’ ಸಿಗಲಿಲ್ಲ. ಅವರ ಮಗಳ ಲ್ಯಾಪ್‌ಟಾಪ್‌ನಲ್ಲಿ ತೆರೆದಾಗ ತಾವು ಹೇಳಿದ ಸಾಲು ಕಂಡಿತು. ಪರಸ್ಪರ ಚರ್ಚಿಸಲೇಬೇಕಾದ ಸಮಿತಿಯ ಮೂವರನ್ನು ಮಾತ್ರ, ಅವರ ಒಪ್ಪಿಗೆ ಪಡೆದು, ಸಿಸಿಗೆ ತಂದಿದ್ದೇನೆ.