ಚರಂಡಿ ಕಾಮಗಾರಿಯ ಬಿಲ್ ಬಗ್ಗೆ ಸಂಶಯ: ದಾಖಲೆ ಪಡೆಯುವುದು ಹೇಗೆ?

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಯಲ್ಲಿ 15ನೇ ಹಣಕಾಸು ಆಯೋಗದ ಅನುದಾನದಿಂದ ಚರಂಡಿ ನಿರ್ಮಿಸಲಾಗಿದೆ ಎಂದು ನಾಮಫಲಕ ಹಾಕಿದ್ದಾರೆ, ಆದರೆ ಫಲಕದಲ್ಲಿರುವ ಉದ್ದದ ಅರ್ಧದಷ್ಟು ಚರಂಡಿಯೂ ಅಲ್ಲಿಲ್ಲ. ಅಭಿವೃದ್ಧಿ ಅಧಿಕಾರಿಗಳನ್ನು ಕೇಳಿದರೆ ಕಡತ ತಾಲ್ಲೂಕು ಕಚೇರಿಯಲ್ಲಿದೆ ಎನ್ನುತ್ತಾರೆ. ಮಳೆಗಾಲದಲ್ಲಿ ಕೊಳಚೆ ನೀರು ಮನೆಗಳಿಗೆ ನುಗ್ಗುತ್ತಿರುವುದರಿಂದ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ. ಮುಂದೇನು ಮಾಡಬೇಕು?

ಉತ್ತರ 1: ಮಾಹಿತಿ ಹಕ್ಕು ಅಧಿನಿಯಮ 2005ರಡಿ ಅರ್ಜಿ ಸಲ್ಲಿಸಿ, ಅಂದಾಜು ಪಟ್ಟಿ, ಕಾರ್ಯಾದೇಶ, ಬಿಲ್ ಹಾಗೂ ಮುಖ್ಯವಾಗಿ ಅಳತೆ ಪುಸ್ತಕದ ದೃಢೀಕೃತ ಪ್ರತಿಯನ್ನು ಕೇಳಿ. ಎಂಜಿನಿಯರ್ ಎಷ್ಟು ಮೀಟರ್ ಅಳೆದು ಸಹಿ ಹಾಕಿದ್ದಾರೆಂಬುದು ಅದರಲ್ಲೇ ಇರುತ್ತದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ, 150 ಪದಗಳೊಳಗಿರಬೇಕು. ಇದನ್ನು ಮರೆತ ಅನೇಕರ ಅರ್ಜಿಗಳು ತಿರಸ್ಕೃತವಾಗಿವೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಿ.

ಉತ್ತರ 2: ಪ್ರತಿ ಕೈಸೇರಿದ ಮೇಲೆ ನಾಲ್ಕು ಜನ ನೆರೆಯವರ ಎದುರು ಟೇಪ್ ಹಿಡಿದು ಅಳೆದು, ಛಾಯಾಚಿತ್ರ ತೆಗೆದಿಡಿ. ವ್ಯತ್ಯಾಸ ಕಂಡರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆಯಿರಿ, ಗ್ರಾಮಸಭೆಯಲ್ಲೂ ಪ್ರಶ್ನಿಸಿ ನಡಾವಳಿಯಲ್ಲಿ ದಾಖಲಿಸಿ. ಲೋಕಾಯುಕ್ತಕ್ಕೆ ದೂರು ನೀಡುವಾಗ ನಿಗದಿತ ನಮೂನೆಯ ಜೊತೆ ಪ್ರಮಾಣಪತ್ರವೂ (ಅಫಿಡವಿಟ್) ಬೇಕು. ದಾಖಲೆ ಸಿಗುವ ಮುನ್ನ ಯಾರನ್ನೂ ಹೆಸರಿಸಿ ಕಳ್ಳರೆನ್ನಬೇಡಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಅಳತೆ ಪುಸ್ತಕದ ವಿಷಯ ನನಗೆ ತಿಳಿದೇ ಇರಲಿಲ್ಲ. ಸೋಮವಾರವೇ ಅರ್ಜಿ ಸಲ್ಲಿಸುತ್ತೇನೆ.