ಚೆರ್ರಿ ಸೀಗಡಿ ಮರಿ ಒಂದೂ ಉಳಿಯುತ್ತಿಲ್ಲ, ಯಾವ ಮಾಸ್ ಹಾಕಲಿ?

ಉಣಕಲ್_ಚೆರ್ರಿ
ಮನೆಯ ಗಾಜಿನ ಟ್ಯಾಂಕಿನಲ್ಲಿ ಚೆರ್ರಿ ಸೀಗಡಿ (ಪುಟ್ಟ ಕೆಂಪು ಸೀಗಡಿ) ಸಾಕಿದ್ದೇನೆ. ಮೂರನೇ ಸಲ ಹೀಗಾಗುತ್ತಿದೆ, ಸಾಕಾಗಿ ಹೋಗಿದೆ. ಹೆಣ್ಣು ಸೀಗಡಿ ಹೊಟ್ಟೆ ಕೆಳಗೆ ಮೊಟ್ಟೆ ಹೊತ್ತುಕೊಂಡು ಹತ್ತಿರ ಹತ್ತಿರ ತಿಂಗಳು ಓಡಾಡುತ್ತದೆ. ಆಮೇಲೆ ಎರಡು ದಿನ ಗಾಜಿನ ಮೇಲೆ ಅಕ್ಕಿ ನುಚ್ಚಿನಂಥ ಮರಿ ಕಾಣುತ್ತವೆ. ವಾರದೊಳಗೆ ಒಂದೂ ಇಲ್ಲ! ದೊಡ್ಡವು 20 ಇವೆ, ಎಲ್ಲಾ ಆರಾಮ್. ಕ್ರಿಸ್‌ಮಸ್ ಮಾಸ್ (ನೀರೊಳಗೆ ಬೆಳೆಯುವ ಪುಟ್ಟ ಹಸಿರು ಗಿಡ) ಇದೆ. ಪಾಲಕ್, ಸೌತೆಕಾಯಿ, ಅಂಗಡಿ ಗುಳಿಗೆ ಎಲ್ಲಾ ಹಾಕುತ್ತೇನೆ. ಮಾಸ್ ಬದಲಿಸಲಾ, ಊಟ ಬದಲಿಸಲಾ?

ಗದಗ_ಟಿಡಿಎಸ್
ನೀರು ಯಾವುದು? ಬೋರ್ ನೀರಾದರೆ ಮಾಸ್ ಮಾತು ಆಮೇಲೆ. ನಮ್ಮ ಕಡೆ ಬೋರ್ ನೀರು ಗಡಸು. ನಾನು ಆರ್‌ಓ ನೀರು ಬೆರೆಸಿ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಲೆಕ್ಕ) 200ಕ್ಕೆ ಇಳಿಸಿದ್ದೇನೆ.

ಉಣಕಲ್_ಚೆರ್ರಿ
ನಳದ ನೀರು ರೀ, ಮಲಪ್ರಭಾದ್ದು. ಕೊಡದಲ್ಲಿ ಹಿಡಿದು ಎರಡು ದಿನ ಇಟ್ಟು ಹಾಕುತ್ತೇನೆ. ಟಿಡಿಎಸ್ 190.

ಗದಗ_ಟಿಡಿಎಸ್
ಜಿಎಚ್ (ನೀರಿನ ಗಡಸುತನದ ಅಳತೆ) ಎಷ್ಟು? 6ರಿಂದ 8 ಇರಬೇಕು. ಕಡಿಮೆ ಇದ್ದರೆ ಪೊರೆ ಬಿಡುವಾಗ ಸಾಯುತ್ತವೆ.

ಸಾಧನಕೇರಿ_ಹಸಿರು
ಹಾಗಿದ್ದರೆ ದೊಡ್ಡವೂ ಸಾಯಬೇಕಿತ್ತು ಅಲ್ವಾ ಸರ್? ಫಿಲ್ಟರ್ ಯಾವುದು? ಮೀನು ಇವೆಯಾ?

ಉಣಕಲ್_ಚೆರ್ರಿ
ಸ್ಪಂಜ್ ಫಿಲ್ಟರ್, ಮರಿಯನ್ನು ಒಳಗೆ ಎಳೆಯುವುದಿಲ್ಲ. ಮೀನು ಒಂದೂ ಇಲ್ಲ. ಅದಕ್ಕೇ ತಲೆ ಕೆಟ್ಟಿದೆ.

ಹಾವೇರಿ_ಆರು_ಟ್ಯಾಂಕ್
ಕ್ರಿಸ್‌ಮಸ್ ಮಾಸ್ ತಂಪು ಬೇಡುತ್ತದೆ. ನಮ್ಮ ಏಪ್ರಿಲ್ ಸೆಕೆಗೆ ಜಾವಾ ಮಾಸೇ ಗಟ್ಟಿ. ನಿಮ್ಮದು ನಿಜಕ್ಕೂ ಕ್ರಿಸ್‌ಮಸ್ಸಾ ನೋಡಿ. ಹೊಸ ಟೊಂಗೆ ಪುಟ್ಟ ತ್ರಿಕೋನದ ಹಾಗೆ ಹರಡಿ ಕೆಳಗೆ ಬಾಗಿರಬೇಕು. ಅಡ್ಡಾದಿಡ್ಡಿ ಬೆಳೆದಿದ್ದರೆ ಜಾವಾ.

ಉಣಕಲ್_ಚೆರ್ರಿ
ತ್ರಿಕೋನವೇ ಇದೆ. ಪಾಚಿ ಚೆನ್ನಾಗಿಯೇ ಇಟ್ಟಿದ್ದೇನೆ. ಪ್ರತಿ ಭಾನುವಾರ ತೆಗೆದು ನಳದ ಕೆಳಗೆ ಹಿಂಡಿ ತೊಳೆಯುತ್ತೇನೆ. ಕಂದು ಧೂಳು, ಲೋಳೆ ಒಂಚೂರೂ ಇರುವುದಿಲ್ಲ.

ಗದಗ_ಟಿಡಿಎಸ್
ಮಾಸ್‌ಗೆ ಪಾಚಿ ಅನ್ನಬೇಡಿ. ಪಾಚಿ ಅಂದರೆ ಆಲ್ಗೆ, ಓದುವವರಿಗೆ ಗೊಂದಲ ಆಗುತ್ತದೆ.

ಹಾವೇರಿ_ಆರು_ಟ್ಯಾಂಕ್
ನಮ್ಮ ಮನೆಯಲ್ಲಿ ಎರಡಕ್ಕೂ ಹಾವಸೆ ಅಂತಾರೆ. ಯಾರಿಗೂ ಗೊಂದಲ ಆಗಿಲ್ಲ ರೀ.

ಸಾಧನಕೇರಿ_ಹಸಿರು
ಹೆಸರು ಇರಲಿ, ಅವರು ಬರೆದದ್ದು ಇನ್ನೊಮ್ಮೆ ಓದಿ. ನಳದ ಕೆಳಗೆ ಹಿಂಡಿ ತೊಳೆಯುತ್ತಾರೆ!

ತಮ್ಮಾ, ಹುಟ್ಟಿದ ಮರಿ 2 ಮಿಲಿಮೀಟರ್ ಇರುತ್ತದೆ. ಪಾಲಕ್ ಇಟ್ಟಲ್ಲಿಗೆ ನಡೆದು ಹೋಗಿ ತಿನ್ನುವುದು ಕಡಿಮೆ. ಕೂತಲ್ಲೇ ಕೈಯಾಡಿಸಿ ತಿನ್ನುತ್ತದೆ. ಸೀಗಡಿ ಮಾಸ್ ಎಲೆಯನ್ನು ಮೇಯುವುದಿಲ್ಲ, ಅದರ ಮೇಲಿನ ಲೋಳೆಯನ್ನು ಮೇಯುತ್ತದೆ. ನೀವು ಹೊಲಸು ಅಂತ ತೊಳೆಯುವುದೇ ಅವುಗಳ ಊಟ. ನಳದ ಕ್ಲೋರಿನ್‌ಗೆ ಆ ಲೋಳೆಯ ಜೀವಾಣು ಸಾಯುತ್ತವೆ. ಇನ್ನೊಂದು ಮಾತು ಹೇಳಲಿಕ್ಕೆ ಸಂಕಟ ಆಗುತ್ತದೆ. ಮರಿ ಅಡಗುವುದೇ ಮಾಸ್ ಒಳಗೆ. ಹಿಂಡಿದಾಗ ಅವೂ ಮೋರಿಗೆ ಹೋಗಿವೆ.

ಮಾಸ್ ಬದಲಿಸಬೇಡಿ, ಮುಟ್ಟಲೂ ಬೇಡಿ. ತೀರಾ ಕಸ ಕೂತರೆ ಟ್ಯಾಂಕಿನ ನೀರನ್ನೇ ಬಿಳಿ ಬಕೆಟ್‌ಗೆ ತೆಗೆದು ಅದರಲ್ಲಿ ಮೆಲ್ಲಗೆ ಅಲ್ಲಾಡಿಸಿ, ತಳದಲ್ಲಿ ಮರಿ ಇವೆಯಾ ನೋಡಿ, ವಾಪಸ್ ಬಿಡಿ. ಕಾಡುಬಾದಾಮಿಯ ಒಣಗಿ ಉದುರಿದ ಎಲೆ ಒಂದು ಹಾಕಿ, ಅದರ ಮೇಲೂ ಲೋಳೆ ಕಟ್ಟುತ್ತದೆ. ಪಾಲಕ್ ಎರಡು ನಿಮಿಷ ಕುದಿಸಿ ವಾರಕ್ಕೊಮ್ಮೆ ಸಾಕು, ಉಳಿದದ್ದು ಕೆಲವು ಗಂಟೆಯಲ್ಲಿ ತೆಗೆಯಿರಿ. ಔಷಧ ಹೊಡೆದ ಸೊಪ್ಪು ಮಾತ್ರ ಬೇಡವೇ ಬೇಡ.

ಉಣಕಲ್_ಚೆರ್ರಿ
ಅಯ್ಯೋ. ಮೂರು ಸಲವೂ ನಾನೇ ಕಳೆದೆನಾ? ಸ್ವಚ್ಛ ಇರಲಿ ಅಂತ ಮಾಡಿದ್ದು.

ಹಾವೇರಿ_ಆರು_ಟ್ಯಾಂಕ್
ಬೇಜಾರಾಗಬೇಡಿ. ನಾನು ಹಿಪ್ಪುನೇರಳೆ ಎಲೆ ಹಾಕುತ್ತೇನೆ, ಪರಿಚಯದವರ ತೋಟದ್ದು, ಔಷಧ ಇಲ್ಲದ್ದು. ಒಂದು ರಾತ್ರಿಯಲ್ಲಿ ಬರೀ ನರ ಉಳಿದಿರುತ್ತದೆ. ಆರು ಟ್ಯಾಂಕಲ್ಲಿ ಎರಡರಲ್ಲಿ ಹಳದಿ ಸೀಗಡಿ, ಒಂದರಲ್ಲಿ ನೀಲಿ. ಸ್ಟ್ಯಾಂಡ್ ನಾನೇ ವೆಲ್ಡಿಂಗ್ ಮಾಡಿಸಿದ್ದು, ಫೋಟೋ ಹಾಕಲಾ?

ಗದಗ_ಟಿಡಿಎಸ್
ಹಾಕಿ ಹಾಕಿ. ನೀಲಿದಕ್ಕೆ ಜಿಎಚ್ ಎಷ್ಟು ಇಟ್ಟಿದ್ದೀರಿ?

ಉಣಕಲ್_ಚೆರ್ರಿ
ಐದು ವಾರ ಆಯಿತು. ಮಾಸ್ ಮುಟ್ಟಿಲ್ಲ. ನಡುವೆ ಒಂದು ಶುಕ್ರವಾರ ಹೆಣ್ಣೊಂದು ಮರಿ ಬಿಟ್ಟಿತ್ತು. ಇವತ್ತಿಗೆ ಹತ್ತು ದಿನ. ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಕಂದು ಹಿಡಿದ ಒಂದೇ ಟೊಂಗೆ ಮೇಲೆ ನಾಲ್ಕು ಕೂತಿವೆ, ಮುಂಗಾಲು ಒಂದೇ ಸಮ ಬಾಯಿಗೆ ಹೋಗುತ್ತಿದೆ. ಒಂದರ ಬೆನ್ನಿಗೆ ಆಗಲೇ ನಸುಗೆಂಪು ಬಂದಿದೆ. ಅಕ್ಕಾ, ಬೇಸಿಗೆಗೆ ಒಂದು ಹಿಡಿ ಜಾವಾ ನಿಮ್ಮ ಹತ್ತಿರ ಸಿಗುತ್ತದಾ?

ಸಾಧನಕೇರಿ_ಹಸಿರು
ಭಾನುವಾರ ಬನ್ನಿ, ಡಬ್ಬಿ ತನ್ನಿ. ತೊಳೆಯದೇ ಕೊಡುತ್ತೇನೆ.